ಉಪ್ಪಿಟ್ಟಿನಲ್ಲಿ ವಿಷ ಹುಡುಕಿದವನು

ಮೊದಲು ಬಂದದ್ದು ಉರಿ. ಎದೆಗೂಡಿನ ಕೆಳಗೆ, ನಾಲ್ಕಾಣೆ ನಾಣ್ಯದಷ್ಟು ಜಾಗದಲ್ಲಿ. ವಾರ ಕಳೆಯುವಷ್ಟರಲ್ಲಿ ಅದು ಒಳಗೊಳಗೇ ಕೊರೆಯತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ನಾನು ನೋಟ್‌ಬುಕ್ ತೆರೆದೆ.

ನಾನು ಪತ್ತೇದಾರಿ ಕಾದಂಬರಿ ಬರೆಯುವವನು. ತಿಂಗಳಿಗೊಂದು. ಯಶವಂತಪುರದ ರೈಲ್ವೆ ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಕೂತು ಆರು ವರ್ಷದಲ್ಲಿ ಎಷ್ಟು ಜನರನ್ನು ಕೊಂದಿದ್ದೇನೋ ನನಗೇ ನೆನಪಿಲ್ಲ. ವಿಷವೇ ನನಗೆ ಅನುಕೂಲ. ಗದ್ದಲವಿಲ್ಲ, ಮನೆಯವರೆಲ್ಲರ ಮೇಲೂ ಅನುಮಾನ ಬರುತ್ತದೆ. ಅದಕ್ಕೆಂದೇ ಹಳೆಯ ವೈದ್ಯಕೀಯ ಪುಸ್ತಕವೊಂದನ್ನು ಕೊಂಡು ಆರ್ಸೆನಿಕ್ ಅಧ್ಯಾಯವನ್ನು ಬಾಯಿಪಾಠ ಮಾಡಿದ್ದೆ. ಹೊಟ್ಟೆಯುರಿ, ವಾಕರಿಕೆ, ದಿನೇ ದಿನೇ ಇಳಿಯುವ ಮೈ. ಮೂರೂ ನನ್ನಲ್ಲಿದ್ದವು.

ಮನೆಯಲ್ಲಿದ್ದವರು ಇಬ್ಬರೇ. ನಾನು ಮತ್ತು ನನ್ನ ಹೆಂಡತಿ ಸರೋಜ.

ನಗಬೇಡಿ. ನಗುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನನ್ನ ಹತ್ತಿರ ಸಾಕ್ಷ್ಯವಿತ್ತು. ಮನೆಯಲ್ಲಿ ಉಂಡು ಬರೆಯಲು ಕೂತರೆ ಸರಿಯಾಗಿ ಎರಡು ಗಂಟೆ ಕಳೆಯುತ್ತಲೇ ನೋವು ಶುರು. ಎದ್ದು ಸ್ಟೇಷನ್ನಿಗೆ ಹೋಗಿ ಎರಡು ವಡೆ ತಿಂದರೆ ನೋವು ಮಾಯ. ಒಂದಲ್ಲ, ಹತ್ತು ಸಲ ಪರೀಕ್ಷಿಸಿದೆ. "ಸೋಮವಾರ. ಸ. ಉಪ್ಪಿಟ್ಟು ಕೊಟ್ಟಳು. ಎರಡು ಗಂಟೆಯ ನಂತರ ನೋವು. ಸ್ಟೇಷನ್ ವಡೆಯಿಂದ ಶಮನ." ಹೀಗೆ ಪುಟಗಟ್ಟಲೆ ಬರೆದೆ. ಕೊಲೆಗೆ ಕಾರಣವೇನು ಎಂಬುದನ್ನೂ ಬರೆದೆ. ಅದಕ್ಕೆ ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ನಾನೇ ಅವಳಿಗೆ ಬೇಕಾದಷ್ಟು ಕಾರಣ ಕೊಟ್ಟಿದ್ದೆ. ಬರೆಯುವಾಗ ಬಳೆ ಸದ್ದಾದರೂ ಕಿರುಚುತ್ತಿದ್ದೆ. ಅವಳ ತಂಗಿಯ ಮದುವೆಯ ದಿನವೂ ಕೊನೆಯ ಅಧ್ಯಾಯ ಬಾಕಿಯಿದೆಯೆಂದು ಅವಳೊಬ್ಬಳನ್ನೇ ಬಸ್ಸು ಹತ್ತಿಸಿದ್ದೆ.

ಮೂರು ತಿಂಗಳು ಹೀಗೇ ಕಳೆಯಿತು. ಅವಳು ಕೊಟ್ಟ ಕಾಫಿಯನ್ನು ಹಿತ್ತಲಿಗೆ ಚೆಲ್ಲುತ್ತಿದ್ದೆ.

"ಯಾಕ್ರೀ ಹಿಂಗ್ ಸೊರಗ್ತಾ ಇದೀರಾ? ಡಾಕ್ಟ್ರತ್ರ ಹೋಗೋಣ ನಡೀರಿ" ಎಂದು ಅವಳು ಎಷ್ಟು ಸಲ ಕೇಳಿದಳೋ. ಎಂಥ ನಾಟಕ ಎಂದುಕೊಂಡೆ. ಅದನ್ನೂ ಬರೆದುಕೊಂಡೆ.

ಒಂದು ಬೆಳಿಗ್ಗೆ ಮೇಜಿನ ಮುಂದೆ ಕೂತಿದ್ದಾಗಲೇ ವಾಂತಿಯಾಯಿತು.

ಪೂರಾ ರಕ್ತ.

ಜಟಕಾ ತಂದವಳು ಸರೋಜ. ದಾರಿಯುದ್ದಕ್ಕೂ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳೂ ಅವಳೇ. ಆಸ್ಪತ್ರೆಯಲ್ಲಿ ರಕ್ತದ ಬಾಟಲಿ ಏರಿಸಿದರು. ಕೆಲವು ದಿನ ಬಿಟ್ಟು, ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಡಾಕ್ಟರು ಮೀಸೆ ಸರಿಯಾಗಿ ಮೂಡದ ವಯಸ್ಸಿನವನು, ಗರ್ವಕ್ಕೇನೂ ಕಡಿಮೆಯಿಲ್ಲ.

"ಡುವೋಡಿನಲ್ ಅಲ್ಸರ್. ಹೊಟ್ಟೆಗೆ ಏನಾದ್ರೂ ಬಿದ್ರೆ ಸ್ವಲ್ಪ ಹೊತ್ತು ತಣ್ಣಗಿರುತ್ತೆ, ಖಾಲಿಯಾದ್ಮೇಲೆ ಮತ್ತೆ ಶುರು. ಇಷ್ಟು ದಿನ ಏನ್ ಮಾಡ್ತಿದ್ರಿ?"

ವಡೆಯ ವಿಷಯ ಹೇಳಿದೆ.

"ಮನೇಲಿ ಇನ್ನೊಂದ್ ತುತ್ತು ತಿಂದಿದ್ರೂ ನೋವು ನಿಲ್ತಿತ್ತು ಕಣ್ರೀ" ಎಂದು ಮುಂದಿನ ಹಾಸಿಗೆಗೆ ಹೋದ.

ಅಷ್ಟೇ. ಮೂರು ತಿಂಗಳ ಪತ್ತೇದಾರಿಕೆ ಒಂದು ಮಾತಿನಲ್ಲಿ ಮುಗಿಯಿತು. ಸಿಟ್ಟು ಬಂತು. ಅವನ ಮೇಲೆ, ನನ್ನ ಮೇಲೆ, ಆ ದರಿದ್ರ ಪುಸ್ತಕದ ಮೇಲೆ. ಮನೆಗೆ ಹೋದ ಕೂಡಲೇ ನೋಟ್‌ಬುಕ್ ಹರಿದುಹಾಕಬೇಕು, ಸರೋಜಳಿಗೆ ಇದು ಎಂದೂ ತಿಳಿಯಬಾರದು ಎಂದು ನಿರ್ಧರಿಸಿದೆ.

ಮಾರನೆಯ ಸಂಜೆ ನನ್ನ ಪ್ರಕಾಶಕರು ಹಣ್ಣಿನ ಪೊಟ್ಟಣ ಹಿಡಿದು ವಾರ್ಡಿಗೆ ಬಂದರು. ಕಂಕುಳಲ್ಲಿ ನನ್ನ ನೋಟ್‌ಬುಕ್.

"ಹಸ್ತಪ್ರತಿಗೆ ಅಂತ ಮನೆಗೆ ಹೋಗಿದ್ದೆ ಸ್ವಾಮಿ. ಮೇಜಿನ್ ಮೇಲಿದ್ದದ್ದನ್ನ ಅಮ್ಮಾವ್ರು ಕೊಟ್ರು. ಭರ್ಜರಿ! ಕಟ್ಕೊಂಡ ಹೆಂಡ್ತೀನೇ ಕೊಲೆಗಾತಿ! ಯಾವ ಓದುಗನೂ ಊಹಿಸಲ್ಲ. ಡೈರಿ ಥರ ಬರೆದಿರೋದಂತೂ..." ಎಂದು ಅಲ್ಲೇ ಗಟ್ಟಿಯಾಗಿ ಓದತೊಡಗಿದರು. "ಸೋಮವಾರ. ಸ. ಉಪ್ಪಿಟ್ಟು ಕೊಟ್ಟಳು..."

ಸರೋಜ ಗಂಜಿಯ ಡಬ್ಬಿ ಹಿಡಿದು ಅವರ ಹಿಂದೆಯೇ ನಿಂತಿದ್ದಳು.

ಪ್ರಕಾಶಕರು ಮಂಗಳವಾರ ಓದಿದರು, ಬುಧವಾರ ಓದಿದರು. ಹಿತ್ತಲಿಗೆ ಚೆಲ್ಲಿದ ಕಾಫಿಯನ್ನು ಓದಿದರು. ಡಾಕ್ಟರ ಹತ್ತಿರ ಹೋಗೋಣ ಎಂದು ಅವಳು ಕರೆದದ್ದನ್ನು ಓದಿ, "ಎಂಥಾ ಖದೀಮಿ ನೋಡಿ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಸರೋಜ ಕೊನೆಯವರೆಗೂ ಕೇಳಿದಳು. ಆಮೇಲೆ ಕೈ ಚಾಚಿದಳು.

"ಅದನ್ನ ಕೊಡಿ. ಅದು ಕಾದಂಬರಿ ಅಲ್ಲ."

ಆ ನೋಟ್‌ಬುಕ್ ಈಗ ಅವಳ ಟ್ರಂಕಿನಲ್ಲಿದೆ. ವಾಪಸು ಕೇಳುವ ಧೈರ್ಯ ನನಗಿಲ್ಲ.

ಮನೆಗೆ ಬಂದ ಮೇಲೆ ಎರಡು ಗಂಟೆಗೊಮ್ಮೆ ಹಾಲು, ಖಾರವಿಲ್ಲದ ಮೆತ್ತನೆಯ ಅನ್ನ. ಕಾಫಿ ಇಲ್ಲ, ಬೀಡಿ ಇಲ್ಲ, ಆರು ವಾರ ಬರೆಯುವಂತಿಲ್ಲ. ಮೊದಲ ದಿನ ಸರೋಜ ಹಾಲು ತಂದು ನನ್ನ ಮುಂದೆಯೇ ಲೋಟ ಎತ್ತಿ, ತುಟಿ ತಾಕಿಸದೆ ಒಂದು ಗುಟುಕು ಕುಡಿದಳು. ನುಂಗಿದ್ದು ನನಗೆ ಕಾಣಲೆಂದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಲೋಟ ನನ್ನ ಕೈಗಿಟ್ಟಳು. ಎರಡು ಗಂಟೆ ಕಳೆದ ಮೇಲೆ ಮತ್ತೆ ಹಾಗೆಯೇ. ಅನ್ನದಲ್ಲೂ ಮೊದಲ ತುತ್ತು ಅವಳದೇ.

"ಸಾಕು ಮಾಡು ಸರೋಜ" ಎಂದೆ. ಅವಳು ಲೋಟ ಮುಂದೆ ಚಾಚಿದಳು. "ತಪ್ಪಾಯ್ತು" ಎಂದೆ. "ಹಾಲು ಆರ್ತಿದೆ" ಎಂದಳು. ಒಮ್ಮೆ ರೇಗಿ ಲೋಟವನ್ನು ನೆಲಕ್ಕೆ ಕುಕ್ಕಿದೆ. ಅವಳು ನೆಲ ಒರೆಸಿ, ಬೇರೆ ಹಾಲು ತಂದು, ಒಂದು ಗುಟುಕು ಕುಡಿದು, ಕೈಗಿಟ್ಟಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಟ್ಟೆಯ ಹುಣ್ಣು ಮಾಯುತ್ತಿದೆ ಎಂದು ಡಾಕ್ಟರು ಹೇಳಿದ ದಿನವೂ ಇದು ನಿಲ್ಲಲಿಲ್ಲ. ನಲವತ್ತು ದಿನ ಅವಳು ನನಗೆ ಹೀಗೆ ಉಣಿಸಿದಳು, ನಾನು ತಲೆ ತಗ್ಗಿಸಿ ಉಂಡೆ. ಈ ಜೀವ ಉಳಿದದ್ದು ಆ ಕೈಯಿಂದ. ಬೇರೆಲ್ಲ ಸುಳ್ಳು.

ನಿನ್ನೆ ಹಾಲು ತಂದಳು. ಲೋಟ ಮೇಜಿನ ಮೇಲಿಟ್ಟಳು.

"ಇದನ್ನ ನಾನು ಕುಡ್ದು ನೋಡಿಲ್ಲ. ಕುಡಿಯೋದೂ ಬಿಡೋದೂ ನಿಮಗೆ ಬಿಟ್ಟಿದ್ದು" ಎಂದು ಎದುರಿಗೇ ಕೂತಳು.

ಎತ್ತಿಕೊಂಡೆ. ಅವಳ ಮುಖ ನೋಡುತ್ತಲೇ ಕುಡಿದೆ, ತಳದವರೆಗೂ.

"ಸಕ್ಕರೆ ಜಾಸ್ತಿ ಆಯ್ತಾ?" ಎಂದು ಕೇಳಿದಳು.

"ಇಲ್ಲ, ಸರಿಯಾಗಿದೆ" ಎಂದೆ.

ಸಕ್ಕರೆ ಇತ್ತೋ ಇಲ್ಲವೋ, ನನಗೆ ಗೊತ್ತೇ ಆಗಿರಲಿಲ್ಲ.