ಪಾಟಿಯ ಮೇಲೆ ಆಡಿದ ಮಾತು

ಮೊದಲು ಹೋದದ್ದು ಅವರ ದನಿ.

ಅಂಗಡಿಯ ಕೆಲಸ ಮುಗಿಸಿ ಬಂದರೆ, ಪುಣೆಯಲ್ಲಿ ಹತ್ತಾರು ಬಿಡಾರಗಳ ನಡುವೆ ನಾವಿದ್ದ ವಾಡೆಯ ಬಾಗಿಲಿನಿಂದಲೇ "ಅವ್ವಾ, ಬಂದೆ" ಎಂದು ಕೂಗುವುದು ನನ್ನ ಯಜಮಾನರ ರೂಢಿ. ಆ ದಿನ ಬಾಯಿ ತೆರೆದರು; ಬರಿ ಗಾಳಿ ಬಂತು. ಶೀತವೆಂದು ಶುಂಠಿ ಕಷಾಯ ಕುಡಿಸಿದೆವು. ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಟಾಂಗಾ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರು ಗಂಟಲಲ್ಲಿ ಸಣ್ಣ ಕನ್ನಡಿ ಇಳಿಸಿ ನೋಡಿದರು.

ಟೀಬಿ. ಗಂಟಲಿಗೂ ಹತ್ತಿತ್ತು.

"ಬೋಲಾಯಚ ನಾಹೀ," ಎಂದರು ಮರಾಠಿಯಲ್ಲಿ. ಮಾತಾಡಕೂಡದು, ಪಿಸುದನಿಯಲ್ಲೂ.

ಪುಣೆಯ ಪೇಠೆಗೆ ಹೋಗಿ ಪಾಟಿ, ಬಳಪ ತಂದೆ. ಅವರು "ನೀರು" ಎಂದು ಬರೆದು ತೋರಿಸಿದರು. ನಾನು ಪಾಟಿ ಇಸಿದುಕೊಂಡು, ಒರೆಸಿ, "ಬಿಸೀದೋ ತಣ್ಣಂದೋ" ಎಂದು ಬರೆದು ಕೊಟ್ಟೆ. ಅವರ ಭುಜ ಕುಲುಕಿದವು. ಕೆಮ್ಮೆಂದು ಹೆದರಿದೆ. ನಗುತ್ತಿದ್ದರು.

"ಹುಚ್ಚಿ, ನನ್ನ ಕಿವಿ ನೆಟ್ಟಗ ಅವ," ಎಂದು ಬರೆದರು. ಸ್ವಲ್ಪ ತಡೆದು, ಅದರ ಕೆಳಗೆ: "ಆದ್ರೂ ಬರಿ."

ನಮ್ಮದು ಒಂದೇ ಕೋಣೆಯ ಮನೆ. ಅತ್ತೆಯವರ ಎದುರು ಗಂಡನೊಡನೆ ಮಾತಾಡುವ ಪದ್ಧತಿ ಇರಲಿಲ್ಲ. ಮದುವೆಯಾದಂದಿನಿಂದ ನಾವು ಆಡಿದ್ದೆಲ್ಲ ಉಪ್ಪು, ಎಣ್ಣೆ, ಕೊಡೆಯ ಮಾತು. ಅತ್ತೆಯವರಿಗೆ ಓದು ಬಾರದು. ಹೀಗಾಗಿ ಅವರ ಕಣ್ಣೆದುರೇ, ಆ ಪಾಟಿಯ ಮೇಲೆ, ನಾವು ಮೊದಲ ಸಲ ಮಾತಾಡಿದೆವು: ಬಿಟ್ಟು ಬಂದ ಊರು, ಸಾವಿನ ಅಂಜಿಕೆ, ನನ್ನ ಹಸಿರು ಸೀರೆ. ಬರೆಯುವುದು, ಒರೆಸುವುದು.

"ಏನ ಬರೀತೀರಿ ಇಬ್ರೂ? ನನ್ನ ಚಾಡಿ ಏನ?" ಎಂದರು ಅತ್ತೆ.

"ಜ್ವರದ ಲೆಕ್ಕ್ರಿ, ಅತ್ತಿ."

"ಇಷ್ಟ ನಗು ಬರಸೋ ಜ್ವರ ನಾ ನೋಡಿಲ್ಲವ್ವಾ."

ಮಳೆಗಾಲ ಮುಗಿಯುವ ಮುನ್ನ ಯಜಮಾನರು ತೀರಿಹೋದರು.

ಹಾಸಿಗೆ, ಬಟ್ಟೆ ಸುಟ್ಟೆವು. ಪಾಟಿಯನ್ನು ಕುದಿನೀರಲ್ಲಿ ತೊಳೆದು ಇಟ್ಟುಕೊಂಡೆ. ಬರಿ ಕಪ್ಪು. ಅವರ ಒಂದಕ್ಷರವೂ ಉಳಿದಿರಲಿಲ್ಲ. ನೆನಪಿದ್ದುದನ್ನಾದರೂ ಕಾಗದದ ಮೇಲೆ ಬರೆದಿಡಬೇಕು, ಇಲ್ಲದಿದ್ದರೆ ಅದೂ ಹೋಗುತ್ತದೆ ಎನ್ನಿಸಿತು. ಕೂತರೆ ಕೈ ಏಳುತ್ತಿರಲಿಲ್ಲ. ನಾನು ಕನ್ನಡ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವರು ಅಂದದ್ದು ಹೀಗೆಯೇ, ಅಥವಾ ನನ್ನ ಆಸೆಯೇ ಅವರ ಮಾತಾಗಿ ಬರುತ್ತಿದೆಯೇ? ಬರೆದದ್ದನ್ನು ಹರಿದು ಒಲೆಗೆ ಹಾಕುತ್ತಿದ್ದೆ.

ಒಂದು ಮುಂಜಾನೆ ಅತ್ತೆಯವರೇ ಪಾಟಿ ತಂದು ನನ್ನ ತೊಡೆಯ ಮೇಲಿಟ್ಟರು.

"ಬಳಪದ ಸಪ್ಪಳಿಲ್ದ ಮನಿ ಬಣಬಣ ಅನಸ್ತದ. ಏನರೆ ಬರಿ."

"ನನಗೆಲ್ಲಿ ಬರಿಯಾಕ ಬರ್ತದ್ರಿ, ಅತ್ತಿ?"

"ಆ ಜ್ವರದ ಲೆಕ್ಕ ಬರೀತಿದ್ಯಲ್ಲ? ಅದನ್ನ ಬರಿ."

ಈಗ ದಿನಾ ಮುಂಜಾನೆ, ಥರ್ಮಾಮೀಟರ್ ಇಡುತ್ತಿದ್ದ ಹೊತ್ತಿಗೆ, ಪಾಟಿ ಹಿಡಿದು ಕೂಡುತ್ತೇನೆ. ಅವರದೊಂದು ಮಾತು, ಅದಕ್ಕೆ ನನ್ನ ಉತ್ತರ. ತಪ್ಪಿದರೆ ಒರೆಸುತ್ತೇನೆ. ಸರಿ ಎನ್ನಿಸಿದ ಮೇಲೆ ಕಾಗದಕ್ಕಿಳಿಸುತ್ತೇನೆ. ಅವರ ಮಾತು ನೆನಪಾಗದ ದಿನ ನನ್ನದನ್ನಷ್ಟೇ ಬರೆದು, ಅವರ ಜಾಗ ಖಾಲಿ ಬಿಡುತ್ತೇನೆ. ಕೂಡುವುದನ್ನು ಮಾತ್ರ ಬಿಡುವುದಿಲ್ಲ.

ಬಳಪ ನಿಂತರೆ ಸಾಕು, ಕಾಳು ಆರಿಸುತ್ತಿದ್ದ ಅತ್ತೆ ತಲೆ ಎತ್ತುತ್ತಾರೆ.

"ಇವತ್ತ ಏನಂದ?"

ಓದಿ ಹೇಳುತ್ತೇನೆ. ನಿನ್ನೆ ಹಸಿರು ಸೀರೆಯ ಮಾತನ್ನೂ ಓದಿದೆ. ಅತ್ತೆ ಮೊರದ ಕಾಳಿನಲ್ಲಿ ಬೆರಳಾಡಿಸಿದರು.

"ಇಷ್ಟೆಲ್ಲಾ ಮಾತಾಡ್ತಿದ್ನೇನ ನನ್ನ ಮಗ?"

"ಹೌದ್ರಿ," ಎಂದೆ. "ಭಾಳ ಮಾತಾಡ್ತಿದ್ರು."