ಅಕ್ಕತಂಗಿಯರ ದನಿ ಬಿಡಿಸಿದ ಮೋಟಾರ್ ಏಕನಾಥಮ್ಮ

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಕಡೆಗೆ ಹೊರಡುವ ಮೊದಲ ಬಸ್ಸು ಇನ್ನೂ ಇಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ಹಿಂದಿನ ಬೀದಿಯಲ್ಲಿ ಏಕನಾಥಮ್ಮ ಆಗಲೇ ಶಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸಿ, ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದಾರೆ. ಕೂಸಿಗೆ ನೀರೆರೆಯಲು ಮಲಗಿಸಿಕೊಂಡಂತೆ ಕಾಲ ಮೇಲೊಂದು ಬೋರ್‌ವೆಲ್ ಮೋಟಾರು. ಅದರ ಹೊಟ್ಟೆಯ ಉದ್ದನೆಯ ಸಂದುಗಳಲ್ಲಿ ತಾಮ್ರದ ತಂತಿಯನ್ನು ಈ ಕಡೆಯಿಂದ ತೂರಿಸುತ್ತಾರೆ, ಆ ಕಡೆಯಿಂದ ಎಳೆಯುತ್ತಾರೆ, ಮತ್ತೆ ತೂರಿಸುತ್ತಾರೆ. ಮಾತಾಡಿಸಿದರೆ ಉತ್ತರವಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿದೆ.

"ಸುತ್ತಿನ ಲೆಕ್ಕ ತಪ್ಪಿದ್ರೆ ಮೊದ್ಲಿಂದ ಬಿಚ್ಚಬೇಕು ಕಣ್ರಿ. ಅದ್ಕೇ ಮಾತಾಡಲ್ಲ. ಬೇಜಾರು ಮಾಡ್ಕಬ್ಯಾಡ್ರಿ," ಎನ್ನುತ್ತಾರೆ, ಆ ಸಂದು ಮುಗಿದ ಮೇಲೆ. ಆಮೇಲೆ ಶುರುವಾದ ಮಾತು ನಿಲ್ಲುವುದಿಲ್ಲ, ಅದು ಬೇರೆ ವಿಷಯ.

ಏಕನಾಥಮ್ಮನ ತವರು ಹಿರಿಯೂರಿನ ಹತ್ತಿರದ ಬಬ್ಬೂರು. ಮದುವೆಯಾಗಿ ಬಂದಾಗ ಈ ಅಂಗಡಿಯಲ್ಲಿ ವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಮಾಡುತ್ತಿದ್ದವರು ಗಂಡ ಮುರುಗಪ್ಪ. ಊಟದ ಡಬ್ಬಿ ತಂದ ಹೆಂಡತಿ ಸುಮ್ಮನೆ ಕೂರಲಾರದೆ ಒಂದು ಸಂದಿಗೆ ತಂತಿ ತುಂಬಿದ್ದಳಂತೆ. ಅದು ತನ್ನದಕ್ಕಿಂತ ಓರಣವಾಗಿದ್ದುದನ್ನು ಕಂಡ ಮುರುಗಪ್ಪ ಮರುವಾರವೇ ಚಾಪೆ ಬಿಟ್ಟುಕೊಟ್ಟರು. ಈಗ ಅವರದು ತೋಟ ತೋಟ ತಿರುಗಿ ಮೋಟಾರು ಎತ್ತುವ, ಇಳಿಸುವ ಕೆಲಸ. ಹೆಂಗಸು ಸುತ್ತಿದ ಮೋಟಾರು ನೀರು ಎತ್ತುತ್ತದೆಯೇ ಎಂದು ಮೂಗು ಮುರಿದವರೇ ಈಗ ಬೇಸಿಗೆಯಲ್ಲಿ ಸರದಿಗೆ ಕಾಯುತ್ತಾರೆ. ದಿನಕ್ಕೆ ಎರಡು ಮೋಟಾರು, ಕಡು ಬೇಸಿಗೆಯಲ್ಲಿ ನಾಲ್ಕು. ಏಕನಾಥಮ್ಮನ ಬೆರಳ ತುದಿಗಳು ಗಟ್ಟಿಯಾಗಿ ಹೆಂಚಿನ ಮೇಲಿನ ರೊಟ್ಟಿಯ ಬಿಸಿಯೂ ಅವಕ್ಕೆ ತಾಕುವುದಿಲ್ಲ. ಸಂಜೆಯಾದರೆ ಸೊಂಟ ತನ್ನ ಮಾತು ಕೇಳುವುದಿಲ್ಲ ಎಂದು ಬೈದುಕೊಳ್ಳುತ್ತಾರೆ.

ಇಂಥ ಕೈಗೆ ಕಳೆದ ತಿಂಗಳು ಒಂದು ವಿಚಿತ್ರ ಕೆಲಸ ಬಂತು. ತಂದವರು ಹೊಳಲ್ಕೆರೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಪ್ರಭುಲಿಂಗ.

ಪ್ರಭುಲಿಂಗನ ತಾಯಿ ಮರುಳಸಿದ್ದಮ್ಮ, ದೊಡ್ಡಮ್ಮ ವೀರಮ್ಮ. ಐವತ್ತು ವರ್ಷದ ಹಿಂದೆ ಊರಿನ ಭಜನಾ ಮಂಡಳಿಯವರು ಈ ಅಕ್ಕತಂಗಿಯರಿಂದ ಹಾಡಿಸಿ ಒಂದು ಪುಟ್ಟ ಗ್ರಾಮಫೋನ್ ರೆಕಾರ್ಡ್ ಮಾಡಿಸಿದ್ದರು. ಕೊನೆಯ ಚರಣದಲ್ಲಿ ಒಂದು ಏರುದನಿ ಬರುತ್ತದೆ, ಉದ್ದಕ್ಕೆ ಎಳೆದದ್ದು. ಅದನ್ನು ಹಾಡಿದವರು ಯಾರು ಎಂಬುದೇ ಜಗಳ. ನಾನು ಎಂದು ಅಕ್ಕ, ಅಲ್ಲ ನಾನು ಎಂದು ತಂಗಿ. ಮದುವೆ, ನಾಮಕರಣ, ತೊಟ್ಟಿಲು, ಎಲ್ಲಿ ಸೇರಿದರೂ ಪಾಯಸದ ಜೊತೆಗೆ ಈ ಜಗಳ ಇದ್ದದ್ದೇ. ಹಳೆಯ ಪ್ಲೇಯರಿನಲ್ಲಿ ಎಲ್ಲವೂ ಗೊರಗೊರ, ಆಮೇಲೆ ಅದೂ ಕೆಟ್ಟಿತು. ಈಗ ಮಾಡದಕೆರೆಯಲ್ಲಿರುವ ವೀರಮ್ಮನ ಎಡಗಿವಿ ಪೂರ್ತಿ ಮಂದ, ಬಲಗಿವಿಯೂ ದಿನೇ ದಿನೇ ಇಳಿಯುತ್ತಿದೆ. ಅವರಿಗೆ ಕೇಳಿಸುತ್ತಿರುವಾಗಲೇ ಇದು ತೀರ್ಮಾನವಾಗಬೇಕು ಎಂದು ಪ್ರಭುಲಿಂಗನ ಹಟ.

ಅದಕ್ಕೆಂದೇ ಪ್ರಭುಲಿಂಗ ಚಿತ್ರದುರ್ಗದ ಯಾರದೋ ಮನೆಯಿಂದ ಒಳ್ಳೆಯ ರೆಕಾರ್ಡ್ ಪ್ಲೇಯರ್ ತಂದಿದ್ದರು. ರೆಕಾರ್ಡಿನ ಗೀರಿನಲ್ಲಿ ಓಡುವ ಅದರ ಮುಳ್ಳು ಬಲು ನಾಜೂಕಿನದು. ಮುಳ್ಳಿನ ಜೊತೆ ಒಂದು ಕಣದಷ್ಟು ಕಾಯಿಲ್, ಅಂದರೆ ತಂತಿಯ ಸುರುಳಿ, ಅಲ್ಲಾಡಿ ದನಿ ಹುಟ್ಟಿಸುತ್ತದೆ, ಆದರೆ ಹುಟ್ಟುವ ಕರೆಂಟು ತೀರಾ ಕಮ್ಮಿ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಸೊಳ್ಳೆ ಗುಂಯ್‌ಗುಟ್ಟಿದಂತೆ. ಮುಳ್ಳಿಗೂ ಆಂಪ್ಲಿಫೈಯರಿಗೂ ನಡುವೆ ದನಿ ಏರಿಸಿಕೊಡುವ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ಹಳೆಯ ಮೈಕ್ ಆಂಪ್ಲಿಫೈಯರುಗಳಲ್ಲಿ ಅಂಥವು ಇರುತ್ತಿದ್ದವು. ಪ್ರಭುಲಿಂಗ ಗೋಡೌನ್ ಜಾಲಾಡಿ ಮೂರನ್ನು ಕಿತ್ತು, ಬಿಸ್ಕತ್ ಡಬ್ಬಿಯಲ್ಲಿ ಹಾಕಿಕೊಂಡು ಹೊಸದುರ್ಗದ ಬಸ್ಸು ಹತ್ತಿದರು.

"ಭಾನುವಾರ ದೊಡ್ಡಮ್ಮ ಬರ್ತೈತೆ. ಇದ್ರಾಗೆ ಯಾವುದು ಆಗ್ತೈತೆ ನೋಡಮ್ಮ," ಎಂದರು.

ಮೊದಲ ತುತ್ತಿಗೇ ಕಲ್ಲು ಸಿಕ್ಕಿತು. ವೈಂಡಿಂಗ್ ಅಂಗಡಿಯಲ್ಲಿ ಯಾವ ಕಾಯಿಲ್ ಬಂದರೂ ಮೊದಲು ಟೆಸ್ಟ್ ಲ್ಯಾಂಪ್ ತಾಗಿಸುವುದು ರೂಢಿ. ಬಲ್ಬು ಹತ್ತಿದರೆ ತಂತಿ ಸರಿ ಇದೆ, ಹತ್ತದಿದ್ದರೆ ತುಂಡಾಗಿದೆ. ಏಕನಾಥಮ್ಮ ಕೈ ರೂಢಿಯಂತೆ ಮೊದಲನೆಯದಕ್ಕೂ ತಾಗಿಸಿಬಿಟ್ಟರು. ಮೋಟಾರು ತಡೆಯುವ ಕರೆಂಟನ್ನು ಕೂದಲೆಳೆಯ ತಂತಿ ತಡೆದೀತೇ? ಪಿಸ್ ಎಂದು ಸಣ್ಣ ಹೊಗೆ, ಅಷ್ಟೇ. ಪ್ರಭುಲಿಂಗನ ಮುಖ ಇಂಗು ತಿಂದ ಮಂಗನಂತಾಯಿತು.

"ಅವತ್ತು ನಂಗೆ ಅನ್ನ ಸೇರಲಿಲ್ಲ," ಎಂದು ಏಕನಾಥಮ್ಮ ಈಗ ನಗುತ್ತಾರೆ. "ಮುದುಕಮ್ಮರ ಆಸೆ ಸುಟ್ಟಂಗಾತಲ್ಲ ಅಂತ."

ಎರಡನೆಯದು ದನಿಯನ್ನು ಮೂವತ್ತು ಪಟ್ಟು ಏರಿಸುವಂಥದ್ದು. ಅದನ್ನು ಲ್ಯಾಂಪಿನ ಹತ್ತಿರವೂ ಸುಳಿಯಗೊಡದೆ ಹೊಳಲ್ಕೆರೆಗೇ ಹೋಗಿ ಜೋಡಿಸಿದರು. ಅಬ್ಬಬ್ಬಾ, ಎಂಥ ಗಟ್ಟಿ ದನಿ. ಬೀದಿಯವರೆಲ್ಲ ಇಣುಕಿದರು. ಆದರೆ ಇಬ್ಬರ ದನಿಯೂ ಕಂಬಳಿ ಹೊದ್ದು ಹಾಡಿದ ಹಾಗೆ ಒಂದೇ. ಅಕ್ಕ ಯಾರು, ತಂಗಿ ಯಾರು, ಹೆತ್ತವರಿಗೂ ಗೊತ್ತಾಗಲಿಕ್ಕಿಲ್ಲ. ಜೊತೆಗೆ ಹೋಗಿದ್ದ ಮುರುಗಪ್ಪ ಬೀಡಿ ಆರಿಸಿ ಹೆಂಡತಿಗೆ ಒಂದು ಮಾತು ಹೇಳಿದರು.

"ಲೇ, ಮೂರು ಹೆಚ್‌ಪಿ ಮೋಟ್ರಿಗೆ ಹತ್ತು ಹೆಚ್‌ಪಿ ಪಂಪು ಕಟ್ಟೀಯ. ಆ ಮುಳ್ಳು ಪಾಪ, ಎಳೀಲಾರದೆ ಏದುಸಿರು ಬಿಡ್ತಾ ಐತೆ."

ತಮಾಷೆಗೆ ಆಡಿದ ಮಾತು, ಆದರೆ ವಿಷಯ ಅಲ್ಲೇ ಇತ್ತು. ಪಟ್ಟು ಹೆಚ್ಚಿದಷ್ಟೂ ಮುಳ್ಳಿನ ಮೇಲೆ ಹೊರೆ ಹೆಚ್ಚು, ಹೊರೆ ಹೆಚ್ಚಾದರೆ ನಾಜೂಕೆಲ್ಲ ಸತ್ತುಹೋಗುತ್ತದೆ. ಅತಿ ಆಸೆ ಗತಿ ಕೇಡು ಎಂಬುದು ಟ್ರಾನ್ಸ್‌ಫಾರ್ಮರಿಗೂ ಸಲ್ಲುತ್ತದೆ. ಉಳಿದದ್ದು ಮೂರನೆಯದು. ಅದು ಏರಿಸುವುದು ಹತ್ತೇ ಪಟ್ಟು, ಆದರೆ ಅದರ ತಂತಿ ಒಳಗೇ ತುಂಡಾಗಿತ್ತು. ಬಿಚ್ಚಿ ಹೊಸದಾಗಿ ಸುತ್ತಬೇಕು. ಅಂಥ ಸಣ್ಣ ತಂತಿ ಹಳೆಯ ಸ್ಟೆಬಿಲೈಜರಿನೊಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚಿನ ಕಾಯಿಲಿನಲ್ಲಿ ಸಿಕ್ಕಿತು, ಒಂದು ಸಲಕ್ಕೆ ಸಾಲುವಷ್ಟು.

ಶನಿವಾರ ಬೆಳಿಗ್ಗೆ ಏಕನಾಥಮ್ಮ ಬಳೆಗಳನ್ನೆಲ್ಲ ಮೊಣಕೈವರೆಗೆ ಸರಿಸಿ ದಾರ ಕಟ್ಟಿಕೊಂಡರು, ತಂತಿಗೆ ತಗುಲದಿರಲೆಂದು. ಗಾಳಿಗೆ ಎಳೆ ಹಾರೀತೆಂದು ಫ್ಯಾನು ಬಂದ್. ಮುರುಗಪ್ಪ ತಂತಿ ಸುತ್ತುವ ಕೈಯಂತ್ರದ ಹಿಡಿ ತಿರುಗಿಸುವುದು, ಇವರು ಎರಡು ಬೆರಳಲ್ಲಿ ಎಳೆ ಬಿಡುವುದು.

"ಕೆಮ್ಮಬ್ಯಾಡ್ರಿ, ಉಸಿರೂ ಮೆಲ್ಲಗೆ ಬಿಡ್ರಿ," ಎಂದು ಗಂಡನಿಗೆ ತಾಕೀತು. ಮೋಟಾರು ಹೊತ್ತು ಬಂದ ರೈತರನ್ನೆಲ್ಲ ಹೊರಗೆ ಕಟ್ಟೆಯ ಮೇಲೆ ಕೂರಿಸಿದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಸುತ್ತು ಮುಗಿಯಿತು, ಎಳೆ ತುಂಡಾಗಲಿಲ್ಲ. ಮುರುಗಪ್ಪ ಎದ್ದು ಮನಸಾರೆ ಕೆಮ್ಮಿದರು.

ಭಾನುವಾರ ಹೊಳಲ್ಕೆರೆಯ ಮನೆಯ ಪಡಸಾಲೆ ತುಂಬ ಜನ. ಮುದುಕಮ್ಮಂದಿರಿಬ್ಬರೂ ಗೋಡೆಗೆ ಒರಗಿ ಕುಳಿತಿದ್ದರು, ನಡುವೆ ಒಂದು ಮೊಳ ಜಾಗ ಬಿಟ್ಟು. ಟ್ರಾನ್ಸ್‌ಫಾರ್ಮರ್ ಜೋಡಿಸಿದ ಕೂಡಲೇ ಬರೀ ಗುಂಯ್ ಎನ್ನುವ ಸದ್ದು. ಏಕನಾಥಮ್ಮ ಗಾಬರಿಯಾದರು. ಕರೆಂಟಿನ ಗುಂಯ್ ಹಬ್ಬಿಸುತ್ತಿದ್ದ ಆಂಪ್ಲಿಫೈಯರಿನ ದೊಡ್ಡ ಟ್ರಾನ್ಸ್‌ಫಾರ್ಮರಿನಿಂದ ಪುಟ್ಟದನ್ನು ದೂರ ಸರಿಸಿದರು, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿದರು. ಒಂದು ಮಗ್ಗುಲಿಗೆ ಬಂದಾಗ ಗುಂಯ್ ನಿಂತಿತು. ಅಲ್ಲಿಗೇ ಟೇಪು ಸುತ್ತಿ ಅಂಟಿಸಿದರು. ಮುಳ್ಳು ಇಳಿಯಿತು.

ದನಿ ಅಷ್ಟೇನೂ ಗಟ್ಟಿಯಿಲ್ಲ. ಆದರೆ ಹಾರ್ಮೋನಿಯಂ ಬೇರೆ, ತಾಳ ಬೇರೆ, ಎಡಕ್ಕೊಂದು ಬಲಕ್ಕೊಂದು ಎನ್ನುವಷ್ಟು ಬೇರೆಬೇರೆಯಾಗಿ ಇಬ್ಬರು ಹುಡುಗಿಯರು. ವೀರಮ್ಮ ಬಲಗಿವಿಯನ್ನು ಸ್ಪೀಕರಿಗೆ ಹಚ್ಚಿಯೇ ಕುಳಿತರು. ಕೊನೆಯ ಚರಣ ಬಂತು. ಏರುದನಿ ಎತ್ತಿದ್ದು ಅಕ್ಕ. ವೀರಮ್ಮನ ಮುಖ ಅರಳಿತು. ರೆಕಾರ್ಡಿನಲ್ಲಿ ಎಳೆತದ ನಡುವೆ ಅಕ್ಕನಿಗೆ ಉಸಿರು ಸಾಲದಾಯಿತು, ದನಿ ಕಡಿಯುವ ಮೊದಲೇ ತಂಗಿಯ ದನಿ ಅದೇ ಎತ್ತರದಲ್ಲಿ ಹಿಡಿದುಕೊಂಡು ಕೊನೆಮುಟ್ಟಿಸಿತು. ಎರಡು ತಂತಿ ಕೂಡಿಸುವುದೇ ಕಸುಬಾದ ಏಕನಾಥಮ್ಮನಿಗೂ ಆ ಕೂಡಿದ ಜಾಗ ಎರಡನೇ ಸಲ ಹಾಕಿದಾಗಲೇ ಗೊತ್ತಾದದ್ದು.

"ಲೇ ಸಿದ್ದಿ, ನಂಗೆ ಅವತ್ತು ಉಸಿರು ಸಾಲ್ದೆ ಹೋಗಿತ್ತು ಕಣೆ," ಎಂದರು ವೀರಮ್ಮ. "ನೀನು ಹಿಡ್ಕಂಡಿದ್ದೆ. ನಂಗೆ ಮರ್ತೇ ಹೋಗೈತೆ."

"ಎತ್ತಿದ್ದು ನೀನಲ್ಲೇನಕ್ಕ. ನೀನು ಎತ್ತದೆ ನಾನೇನು ಹಿಡೀತಿದ್ದೆ," ಎಂದು ಮರುಳಸಿದ್ದಮ್ಮ ಜರುಗಿ ಅಕ್ಕನ ತೋಳು ಹಿಡಿದರು. ಕಣ್ಣು ಒರೆಸಿಕೊಂಡ ಮೇಲೆ ಹೊಸ ಜಗಳ ಶುರುವಾಯಿತು, ಹೆಚ್ಚು ಹೊತ್ತು ಎಳೆದವರು ಯಾರು ಎಂದು. ಅದಕ್ಕಾಗಿ ಇನ್ನೂ ನಾಲ್ಕು ಸಲ ಹಾಕಬೇಕಾಯಿತು.

ಇಷ್ಟು ಹೇಳಿ ಏಕನಾಥಮ್ಮ ಅಂಗಡಿಯ ಚಾಪೆಯಲ್ಲಿ ಮತ್ತೆ ಕಾಲ ಮೇಲಿನ ಮೋಟಾರಿಗೆ ತಂತಿ ತೂರಿಸಲು ಅಣಿಯಾಗುತ್ತಾರೆ. ಇನ್ನು ಮಾತಿಲ್ಲ. ಅದಕ್ಕೆ ಮೊದಲು ಒಂದೇ ಮಾತು:

"ನಾನು ಸುತ್ತಿದ ಮೋಟ್ರು ಶುರುವಾದ್ರೆ ಜನ ನೀರು ತಿರುವಾಕೆ ತೋಟಕ್ಕೆ ಓಡ್ತಾರೆ. ಅದು ಸರಿ, ಓಡ್ಲೇಬೇಕು. ಆದ್ರೆ ನಾನು ಸುತ್ತಿದ್ದು ಶುರುವಾದ್ಮೇಲೆ ಒಬ್ರೂ ಎದ್ದೋಗ್ದೆ ಕುಂತಿದ್ದು ಅವತ್ತೇ ನೋಡ್ರಿ."