ಅಣ್ಣನ ಎಲೆಗೆ ಬಿಸ್ಕುಟು

ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ ಎಂಬತ್ತರ ದಶಕದ ಮೊದಲಲ್ಲಿ ಒಮ್ಮೆ ರಜೆಗೆ ಬಂದಾಗ ಒಂದು ಪೊಟ್ಟಣ ಚಾಕಲೇಟು ಚೂರು, ಒಂದು ಬಾಟಲಿ ಕ್ರೀಮ್ ಲಿಕ್ಕರ್ ತಂದಿದ್ದ. ಕಬಕದ ನಮ್ಮ ಮನೆಯಲ್ಲಿ ಕಳ್ಳು ಗೊತ್ತಿತ್ತು, ಬ್ರಾಂದಿಯೂ ಗೊತ್ತಿತ್ತು. ಚಹಾದ ಬಣ್ಣದ, ಪಾಯಸದಷ್ಟು ಸಿಹಿಯಾದ ಈ ಮದ್ಯವನ್ನು ಯಾರೂ ಕಂಡಿರಲಿಲ್ಲ.

ಅದನ್ನು ಹಾಕಿ ಅವನು ಬಿಸ್ಕುಟು ಮಾಡಿದ. ನಮ್ಮಲ್ಲಿ ಓವನ್ ಎಲ್ಲಿಂದ ಬರಬೇಕು? ದೊಡ್ಡ ಪಾತ್ರೆಯಲ್ಲಿ ಹೊಳೆಯ ಹೊಯಿಗೆ ಕಾಯಿಸಿ, ಅದರ ಮೇಲೆ ತಟ್ಟೆ ಇಟ್ಟು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಸುರಿದ. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ಕಲಸಿದ ಹಿಟ್ಟಿಗೆ ಮದ್ಯ ಹೊಯ್ದು, ಚಾಕಲೇಟು ಚೂರು ಬೆರೆಸಿದ್ದ. ಮೊದಲ ತಟ್ಟೆ ಕರಟಿಹೋಯಿತು.

"ಹಡಗಿನವರು ನಿನ್ನನ್ನು ಇನ್ನೂ ಇಟ್ಟುಕೊಂಡದ್ದು ಹೇಗೆ ಮಾರಾಯ?" ಎಂದು ಅಮ್ಮ ನಕ್ಕಳು.

ಎರಡನೆಯದು ಸರಿಯಾಯಿತು. ಕುಡಿತದ ವಾಸನೆಗೇ ಮೂಗು ಮುಚ್ಚುವ ಅಮ್ಮ ತಿಂದೇ ತಿಂದಳು. "ಇದು ಕುಡಿದದ್ದಲ್ಲ, ತಿಂದದ್ದು" ಎಂದು ತಾನೇ ತೀರ್ಪು ಕೊಟ್ಟಳು. ಅರ್ಧ ಬಾಟಲಿ ಉಳಿಯಿತು. "ಇರ್ಲಿ ಅಮ್ಮ, ಮುಂದಿನ ಸಲ ಬಂದಾಗ ಮಾಡುವ" ಎಂದು ಹೇಳಿ ಅಣ್ಣ ಹೊರಟ.

ಮುಂದಿನ ಸಲ ಬರಲಿಲ್ಲ. ಬಿರುಗಾಳಿಯಲ್ಲಿ ಸಮುದ್ರಕ್ಕೆ ಬಿದ್ದನಂತೆ, ಹೆಣ ಸಿಗಲಿಲ್ಲವಂತೆ. ಮಂಗಳೂರಿನಿಂದ ಹಡಗಿನವರ ಕಡೆಯ ಒಬ್ಬರು ಬಂದು ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಹೋದರು.

ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆಲ್ಲ ಒಳಕೋಣೆಯಲ್ಲಿ ಬಾಳೆ ಎಲೆ ಹಾಕಿ, ಅವರವರ ಇಷ್ಟದ್ದು ಬಡಿಸಿ, ಬಾಗಿಲು ಹಾಕಿ ಹೊರಗೆ ಕಾಯುವುದು ನಮ್ಮ ಪದ್ಧತಿ. ಅಪ್ಪನ ಎಲೆಯ ಬದಿಗೆ ಕಳ್ಳು, ಬೀಡಿ. ಅಣ್ಣನಿಗೆ ಎಲೆ ಹಾಕಲು ಅಮ್ಮ ಬಿಡಲಿಲ್ಲ. "ಹೆಣ ನೋಡದೆ ಎಲೆ ಹಾಕುದಾ?" ಎಂದು ನನ್ನ ಮೇಲೆಯೇ ಹರಿಹಾಯ್ದಳು. ಬಾಟಲಿ ಅವಳ ಸೀರೆಗಳ ನಡುವೆ, ಪೆಟ್ಟಿಗೆಯಲ್ಲಿತ್ತು. ಫಾರಿನ್ ಮದ್ಯ ಹಳೆಯದಾದಷ್ಟು ಒಳ್ಳೆಯದು ಎಂದು ಅವಳಿಗೆ ಯಾರೋ ಹೇಳಿದ್ದರು. ನಾವೂ ನಂಬಿದ್ದೆವು. ಸಿಟ್ಟು ನೆತ್ತಿಗೇರಿದಾಗಲೆಲ್ಲ ನಾನು "ಅವ ಸತ್ತಿದ್ದಾನೆ ಅಮ್ಮ" ಎಂದು ಮುಖಕ್ಕೆ ಹೇಳುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಒಂದು ಆಟಿಯಲ್ಲಿ ಅಮ್ಮನೇ ಅಂದಳು: "ಈ ಸಲ ಅವನಿಗೂ ಒಂದು ಎಲೆ ಹಾಕುವ. ಆ ಬಿಸ್ಕುಟು ಮಾಡು."

ಗೆದ್ದದ್ದು ನಾನು. ಆದರೆ ಪೆಟ್ಟಿಗೆ ತೆರೆಯಲು ಎದ್ದವಳು ಮತ್ತೆ ಕುಳಿತುಬಿಟ್ಟೆ. ಅವಳು ಕಾಯುತ್ತಿದ್ದಾಳೆ ಎಂಬ ಧೈರ್ಯದಲ್ಲೇ ಅಷ್ಟು ವರ್ಷ ನಾನು ಅವನು ಸತ್ತ ಎನ್ನುತ್ತಿದ್ದೆ.

ಬಾಟಲಿಯ ಮುಚ್ಚಳ ತೆಗೆದು ಬಗ್ಗಿಸಿದರೆ ಏನೂ ಬೀಳಲಿಲ್ಲ. ಕುಲುಕಿದಾಗ ಹುಳಿನಾತದ ಗಟ್ಟಿ ಮುದ್ದೆಗಳು ಬಿದ್ದವು. ಜೀವಮಾನವಿಡೀ ಹಾಲು ಕರೆದ ಅಮ್ಮ ಬೆರಳಲ್ಲಿ ಮುಟ್ಟಿ ನೋಡಿದಳು. "ಇದರಲ್ಲಿ ಹಾಲು ಉಂಟಲ್ವಾ? ಹಾಲನ್ನು ಇಷ್ಟು ವರ್ಷ ಇಟ್ಟದ್ದಾ ನಾನು?" ಎಂದಳು. ನಾನು ಎಲ್ಲವನ್ನೂ ತೆಂಗಿನ ಬುಡಕ್ಕೆ ಚೆಲ್ಲಿಬಂದೆ.

ಪುತ್ತೂರಿನ ಅಂಗಡಿಯಿಂದ ತಂದ ಚಾಕಲೇಟನ್ನು ಅಡಕತ್ತರಿಯಲ್ಲಿ ಚೂರು ಮಾಡಿ, ಮದ್ಯವಿಲ್ಲದೆ ಬಿಸ್ಕುಟು ಬೇಯಿಸಿದೆ. ಅಪ್ಪನ ಎಲೆಯ ಪಕ್ಕ ಅಣ್ಣನ ಎಲೆ. ಬಡಿಸಿ ಬಾಗಿಲು ಹಾಕಿ ಹೊರಗೆ ಕುಳಿತೆವು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದೆವು. ಉಣ್ಣುತ್ತಿರುವವರಿಗೆ ಏಳಲು ಹೊತ್ತು ಕೊಡಬೇಕಲ್ಲ.

ಎಲೆಯಲ್ಲಿದ್ದದ್ದನ್ನು ಮನೆಯವರು ತಿನ್ನಬೇಕು. ಅಮ್ಮ ಅಣ್ಣನ ಬಿಸ್ಕುಟು ಮುರಿದು ಬಾಯಿಗೆ ಹಾಕಿದಳು, ಅಗಿದಳು, ಉಳಿದದ್ದನ್ನು ಎಲೆಯಲ್ಲೇ ಇಟ್ಟಳು.

"ಅವ ಬರ್ಲಿಲ್ಲ, ಮಗಳೇ."

"ಸತ್ತವರು ಬಂದದ್ದು ನಮಗೆ ಗೊತ್ತಾಗ್ತದಾ ಅಮ್ಮ?"

"ಆ ವಾಸನೆಯೇ ಇಲ್ಲ ಇದಕ್ಕೆ. ಎಂತ ನೋಡಿ ಬರುದು ಅವ?"

ಎದ್ದು ಅಂಗಳಕ್ಕಿಳಿದು, ನಾನು ಆ ಮದ್ಯ ಚೆಲ್ಲಿದ್ದ ತೆಂಗಿನ ಬುಡದಲ್ಲಿ ಹೋಗಿ ನಿಂತಳು. ಊಟಕ್ಕೆ ಕರೆದೆ. ಬರಲಿಲ್ಲ.